ಟೀ ಮುಗಿಯುವುದರೊಳಗೆ ಫ್ಯಾನು ನಿಲ್ಲಬೇಕು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ, ಕೌದಳ್ಳಿ ಊರು ಮುಗಿಯುವ ಕಡೆ ಒಂದು ತಗಡಿನ ಅಂಗಡಿ ಇದೆ. ಬಾಗಿಲ ಮೇಲೆ ಬೋರ್ಡು ಇರಬೇಕಾದ ಜಾಗದಲ್ಲಿ ಬರೀ ಎರಡು ಮೊಳೆ. ಅಂಗಡಿ ಮುಂದೆ ನಿಂತ ಬೈಕಿನ ಎಂಜಿನ್ ಆಗಿನಿಂದ ಗುಡುಗುಡು ಎನ್ನುತ್ತಿದೆ. ಅದರ ಎದುರು ಕುಕ್ಕರಗಾಲಲ್ಲಿ ಕೂತ ಪುಟ್ಟಬಸಪ್ಪ ರೇಡಿಯೇಟರ್ ಹತ್ತಿರ ಅಂಗೈ ಹಿಡಿದು ಕಾಯುತ್ತಿದ್ದಾರೆ. ಅದರ ಹಿಂದಿನ ಪುಟ್ಟ ಫ್ಯಾನು ರೊಯ್ಯೆಂದು ಶುರುವಾದದ್ದೇ ತಡ, ಕೀ ತಿರುಗಿಸಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಎಂಜಿನ್ ಸುಮ್ಮನಾಗುತ್ತದೆ. ಫ್ಯಾನು ಮಾತ್ರ ತಿರುಗುತ್ತಲೇ ಇದೆ.

"ಕೆಂಚಯ್ಯಣ್ಣ, ಟೀ ಬುಡು" ಎಂದು ಕೂಗುತ್ತಾರೆ. ಪಕ್ಕದ ಟೀ ಹೋಟೆಲಿನ ಕೆಂಚಯ್ಯ ಈ ಕೂಗಿಗೇ ಕಾದಿದ್ದವರು. ಅಂಚಿನವರೆಗೆ ತುಂಬಿದ ಗಾಜಿನ ಲೋಟ ತಂದು ಕೈಗಿಡುತ್ತಾರೆ. ಇದು ಚಟದ ಟೀ ಅಲ್ಲ, ಪರೀಕ್ಷೆಯ ಟೀ.

"ಕೀ ತಗುದ್ ಮ್ಯಾಲೂ ಫ್ಯಾನು ಒಸಿ ಹೊತ್ತು ತಿರುಗ್ತದೆ ಸಾ, ಅದು ರೋಗ ಅಲ್ಲ" ಎನ್ನುತ್ತಾರೆ ಪುಟ್ಟಬಸಪ್ಪ. "ಓಡಿ ಬಂದೋನು ಕುಂತ್ ಮ್ಯಾಲೂ ಏದುಸ್ರು ಬುಡಕಿಲ್ವಾ? ಅಂಗೆ. ಟೀ ಮುಗಿಯಾದ್ರೊಳ್ಗೆ ನಿಂತ್ರೆ ಗಾಡಿ ಚೆಂದಾಗದೆ. ಲೋಟ ಖಾಲಿಯಾದ್ರೂ ತಿರುಗ್ತಿದ್ರೆ, ಆಗ ಸ್ಕ್ರೂಡ್ರೈವರ್ ತಕಬೇಕು."

ಇವತ್ತಿನ ಟೀಗೆ ಮಾತ್ರ ತೂಕ ಜಾಸ್ತಿ. ಬೈಕು ಸತ್ತೇಗಾಲದ ನಿಂಗರಾಜು ಅವರದು. ಇದೇ ಫ್ಯಾನು ಮೂರು ತಿಂಗಳಲ್ಲಿ ಮೂರು ಸಲ ಕೆಟ್ಟಿದೆ, ಮೂರು ಸಲವೂ ಪುಟ್ಟಬಸಪ್ಪನವರೇ ರಿಪೇರಿ ಮಾಡಿದ್ದಾರೆ. ನಾಲ್ಕನೇ ಸಲವೂ ಕೆಟ್ಟರೆ ಫ್ಯಾನಿನ ಕೆಲಸವನ್ನೇ ಇನ್ನು ಮುಟ್ಟುವುದಿಲ್ಲ ಎಂದು ಕೆಂಚಯ್ಯನ ಹೋಟೆಲಿನಲ್ಲಿ ಹತ್ತು ಜನರ ಎದುರು ಆಡಿಬಿಟ್ಟಿದ್ದಾರೆ. ಐವತ್ತೆಂಟರ ವಯಸ್ಸಿನಲ್ಲಿ ಹೀಗೆ ಮಾತು ಕೊಡಬಾರದಪ್ಪಾ ಎಂದು ನನಗನ್ನಿಸುತ್ತದೆ, ಆದರೆ ಕೊಟ್ಟಾಗಿದೆ. ನಿಂಗರಾಜು ಕೈಕಟ್ಟಿ ನಿಂತಿದ್ದಾರೆ. ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಪುಟ್ಟಬಸಪ್ಪನವರ ಹೆಂಡತಿ ರಾಚಮ್ಮ ಮಾರಾಟಕ್ಕೆ ತೆಂಗಿನಕಾಯಿ ಜೋಡಿಸುತ್ತಿದ್ದಾರೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದಾರೆ.

ಲೋಟದಲ್ಲಿ ಟೀ ಇನ್ನೂ ಮುಕ್ಕಾಲು ಇದೆ. ಅದು ಮುಗಿಯುವ ಮೊದಲು ಈ ಮನುಷ್ಯನ ಕಥೆ ಹೇಳಿಬಿಡುತ್ತೇನೆ.

ಪುಟ್ಟಬಸಪ್ಪ ಇದೇ ಊರಿನವರು. ಏಳನೇ ಕ್ಲಾಸಿಗೆ ಶಾಲೆ ಮುಗಿಸಿ, ಒಂದಷ್ಟು ವರ್ಷ ಅಪ್ಪನ ಜೊತೆ ಹೊಲ ಗೇಯ್ದು, ಆಮೇಲೆ ಕೊಳ್ಳೇಗಾಲದಲ್ಲಿ ಬಸ್ಸುಗಳ ಡೈನಮೋ ಬಿಚ್ಚುವ ಅಂಗಡಿ ಸೇರಿದರು. ಮೊದಲ ಎರಡು ವರ್ಷ ತಾಮ್ರದ ತಂತಿ ಸುತ್ತುವುದೊಂದೇ ಕೆಲಸ. ಮೂರನೇ ವರ್ಷ ಬ್ಯಾಟರಿಯ ಆಸಿಡ್ ಮುಖಕ್ಕೆ ಚಿಮ್ಮಿ ಎಡಗಣ್ಣು ಮಂಜಾಯಿತು. "ಅವತ್ತಿಂದ ಅರ್ಧ ಕೆಲ್ಸ ಕಣ್ಣಲ್ಲಿ, ಅರ್ಧ ಕಿವೀಲಿ" ಎಂದು ನಗುತ್ತಾರೆ. ಡೈನಮೋ ಕಾಲ ಮುಗಿದು ಆ ಅಂಗಡಿ ಮುಚ್ಚಿದಾಗ ಒಂದು ಟೆಸ್ಟ್ ಲ್ಯಾಂಪು, ಒಂದು ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಊರಿಗೆ ವಾಪಸಾದರು. ಯಳಂದೂರಿನ ರಾಚಮ್ಮನವರನ್ನು ಮದುವೆಯಾದರು. ರಸ್ತೆ ಬದಿಯಲ್ಲಿ ಗಂಡ ವೈರು ಬಿಚ್ಚುತ್ತಿದ್ದರೆ, ಹೆಂಡತಿ ಬೆಟ್ಟಕ್ಕೆ ಹೋಗುವವರಿಗೆ ಕಾಯಿ, ಕರ್ಪೂರ, ನಿಂಬೆಹಣ್ಣು ಮಾರುತ್ತಿದ್ದರು. ಈಗಲೂ ಅದೇ ನಡೆದಿದೆ, ತಗಡು ಮಾತ್ರ ಹೊಸದು.

ಹತ್ತು ಹದಿನೈದು ವರ್ಷಗಳ ಹಿಂದೆ ರೇಡಿಯೇಟರ್ ಇರುವ ಬೈಕುಗಳು ಈ ರಸ್ತೆಗೆ ಬರತೊಡಗಿದವು. ಮೊದಲು ಬಂದದ್ದು ತಮಿಳುನಾಡಿನ ಕಡೆಯ ಒಬ್ಬರದು. ಕೀ ತೆಗೆದ ಮೇಲೂ ಫ್ಯಾನು ತಿರುಗುತ್ತದೆ, ಬ್ಯಾಟರಿ ಇಳಿದರೆ ಏನು ಗತಿ ಎಂದು ಅವರು ಗಾಬರಿಯಾದರು. ಪುಟ್ಟಬಸಪ್ಪನವರಿಗೂ ಗಾಬರಿಯೇ. ಬಸ್ಸಿನಲ್ಲಿ ಇಂಥದ್ದನ್ನು ಕಂಡವರಲ್ಲ. ಯೋಚಿಸಿದರು, ಯೋಚಿಸಿದರು, ಕೊನೆಗೆ ಫ್ಯಾನಿನ ವೈರನ್ನೇ ಕಚಕ್ ಎಂದು ಕತ್ತರಿಸಿ ಟೇಪು ಸುತ್ತಿಬಿಟ್ಟರು. ಫ್ಯಾನು ನಿಂತಿತು! ಆ ಮನುಷ್ಯ ಕೈಮುಗಿದು ಹೋದ.

"ಎಲ್ಡು ಗಂಟೆ ಆಗಿಲ್ಲ ಸಾ, ಪಾಲಾರ್‌ನಿಂದ ಫೋನು. 'ಅಣ್ಣೇ, ವಂಡಿ ಕೊದಿಕ್ಕುದು, ವಂಡಿ ಕೊದಿಕ್ಕುದು' ಅಂತ ಬಡ್ಕತಾವ್ನೆ. ಗಾಡಿ ಅನ್ನದ್ ಎಸರಿನಂಗೆ ಕುದೀತದೆ! ಇನ್ನೊಬ್ರ ಗಾಡಿ ಈಸ್ಕಂಡು ಬೆಟ್ಟ ಅತ್ತಿ ಇಳ್ದು ಓಗಿ ವೈರು ಜೋಡ್ಸಿ ಬಂದೆ. ತಪ್ಪಾಯ್ತು ಅಂತ ಕಾಲಿಡಿಯೋದೊಂದು ಬಾಕಿ."

ರಾಚಮ್ಮ ಕಾಯಿ ಜೋಡಿಸುತ್ತಲೇ ಸೇರಿಸುತ್ತಾರೆ: "ಕಾಲೂ ಇಡುದ್ರಂತೆ ಸಾ. ಅದ್ ಮಾತ್ರ ಯೋಳಕಿಲ್ಲ."

ಟೀ ಪರೀಕ್ಷೆ ಹುಟ್ಟಿದ್ದು ಆ ಮರ್ಯಾದೆಗೇಡಿನಿಂದ. ಯಾವ ಗಾಡಿಯ ಫ್ಯಾನು ಎಷ್ಟು ಹೊತ್ತು ತಿರುಗಬೇಕು ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಹೋಟೆಲಿನಲ್ಲಿ ಕೂತು, ಬಂದು ನಿಂತ ಒಂದೊಂದು ಬೈಕಿಗೂ ಕಿವಿಗೊಟ್ಟು ತಾವೇ ಅಳೆದುಕೊಂಡರು. ಕೈಗಡಿಯಾರ ಇರಲಿಲ್ಲ, ಟೀ ಲೋಟ ಇತ್ತು.

ಈಗ ಮಾಮೂಲಿ ದಿನ ಏಳೆಂಟು ಗಾಡಿ, ಅಮಾವಾಸ್ಯೆ ದಿನ ಮೂವತ್ತಕ್ಕೂ ಹೆಚ್ಚು ಗಾಡಿ ಇಲ್ಲಿ ನಿಲ್ಲುತ್ತವೆ. ಫ್ಯಾನಿನ ದೂರು ಹೇಳಿ ಬರುವ ಹತ್ತರಲ್ಲಿ ಆರು ಗಾಡಿಗಳಿಗೆ ಏನೂ ಆಗಿರುವುದಿಲ್ಲ. ಆ ಆರರಲ್ಲಿ ಒಂದು ಕಳೆದ ವರ್ಷ ನನ್ನದಾಗಿತ್ತು ಎಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಬೆಟ್ಟ ಇಳಿದು ಬಂದು, ಫ್ಯಾನು ನಿಲ್ಲುತ್ತಿಲ್ಲ ಎಂದು ನಾನು ಹಾರಾಡುತ್ತಿದ್ದರೆ ಈ ಮನುಷ್ಯ ಗಾಡಿಯನ್ನು ಮುಟ್ಟಲೂ ಇಲ್ಲ, ನನಗೆ ಟೀ ಕುಡಿಸಿದರು. ಅರ್ಧ ಲೋಟಕ್ಕೆ ಫ್ಯಾನು ನಿಂತಿತು. ಎಷ್ಟು ಕೊಡಲಿ ಎಂದರೆ, "ಟೀ ದುಡ್ಡ ಕೆಂಚಯ್ಯಣ್ಣಂಗೆ ಕೊಡಿ, ನಂದೇನದೆ?" ಎಂದರು. ಇವರ ಬಗ್ಗೆ ಬರೆಯಬೇಕೆಂದು ಅನ್ನಿಸಿದ್ದು ಆವತ್ತೇ.

ನಿಜವಾಗಿ ಕೆಟ್ಟ ಗಾಡಿಗೆ ಇವರ ಕ್ರಮ ಬೇರೆ. ಮೊದಲು ರೇಡಿಯೇಟರ್ ಮುಟ್ಟಿ ನೋಡುತ್ತಾರೆ. ಅದು ತಣ್ಣಗಾದ ಮೇಲೂ ಫ್ಯಾನು ತಿರುಗುತ್ತಿದ್ದರೆ ಶಾಖ ಅಳೆಯುವ ಸೆನ್ಸರಿನ ಮೇಲೆ ಅನುಮಾನ, ಅದರ ವೈರು ಬಿಚ್ಚಿ ನೋಡುತ್ತಾರೆ. "ಕೆಲವು ಗಾಡೀಲಿ ಉಲ್ಟಾ ಸಾ, ಸೆನ್ಸರ್ ಬಿಚ್ಚುದ್ರೆ ಫ್ಯಾನೇ ಶುರುವಾಯ್ತದೆ. ಗಾಡಿ ಜಾತಿ ತಿಳ್ಕಂಡು ಕೈ ಆಕಬೇಕು." ಅಲ್ಲೂ ಸಿಗದಿದ್ದರೆ ರಿಲೇ. ಫ್ಯಾನಿಗೆ ಕರೆಂಟು ಬಿಡುವ, ತಡೆಯುವ ಬೆಂಕಿಪೊಟ್ಟಣದಷ್ಟು ಡಬ್ಬಿ ಅದು. ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ತಲೆಗೆ ಟಕ್ ಎಂದು ಒಂದೇ ಏಟು. ತಕ್ಷಣ ಫ್ಯಾನು ನಿಂತರೆ ಒಳಗಿನ ಕರೆಂಟಿನ ಬಾಗಿಲು ಅಂಟಿಕೊಂಡಿದೆ ಎಂದರ್ಥ. ಬ್ಯಾಟರಿ ವೈರು ಕಿತ್ತು ಕಳಿಸುವ ಮೆಕ್ಯಾನಿಕ್‌ಗಳನ್ನು ಕಂಡರೆ ಇವರಿಗೆ ಎಲ್ಲಿಲ್ಲದ ಸಿಟ್ಟು. "ಅದು ಫ್ಯಾನ್ ನಿಲ್ಸದಲ್ಲ, ಗಾಡೀನೇ ಮಲುಗ್ಸದು!"

ಇಷ್ಟು ಬಲ್ಲವರ ಕೈಗೆ ನಿಂಗರಾಜು ಅವರ ಬೈಕು ಮಾತ್ರ ಸಿಕ್ಕಲಿಲ್ಲ. ನಿಂಗರಾಜು ಸಾಗಿಸುವುದು ರೇಷ್ಮೆಯ ಮರಿಹುಳು, ರೈತರ ಮಾತಿನಲ್ಲಿ ಚಾಕಿ ಹುಳು. ಬಿಸಿಲೇರುವ ಮೊದಲು ಅವು ಹನೂರು, ಕೌದಳ್ಳಿ ಕಡೆಯ ರೈತರ ಮನೆ ಸೇರಬೇಕು. ರಾತ್ರಿಯೆಲ್ಲ ಫ್ಯಾನು ತಿರುಗಿ ಬ್ಯಾಟರಿ ಇಳಿದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. "ಉಳಕ್ಕೆ ನಮ್ ಕಷ್ಟ ಗೊತ್ತಾಯ್ತದಾ ಸಾ? ಒಂದಿನ ತಡ ಆಗಿ ಅರ್ಧ ತಟ್ಟೆ ಬಾಡೋದ್ವು. ರೈತ ನನ್ ಮುಖ ನೋಡ್ತಾವ್ನೆ, ನಾನು ಈ ಬಸಪ್ಪಣ್ಣನ ಮುಖ ನೋಡ್ತೀನಿ" ಎನ್ನುತ್ತಾರೆ ನಿಂಗರಾಜು.

ಮೂರು ಸಲವೂ ಕೆಟ್ಟಿದ್ದು ರಿಲೇಯೇ. ಮೂರು ಸಲವೂ ಪುಟ್ಟಬಸಪ್ಪ ಹೊಸದು ಹಾಕಿದರು. ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀಯ ಎಂದು ಕೊಳ್ಳೇಗಾಲದ ಸ್ಪೇರ್ ಪಾರ್ಟ್ಸ್ ಅಂಗಡಿಯವನ ಜೊತೆ ಜಗಳವಾಡಿ ಬಂದರು. ಅವನ ಮಾಲು ಸರಿಯಾಗಿಯೇ ಇತ್ತು, ಪಾಪ. ಮೂರನೇ ಸಲ ನಿಂಗರಾಜು ಹೋಟೆಲಿನಲ್ಲೇ ಗಟ್ಟಿಯಾಗಿ ಅಂದುಬಿಟ್ಟರು: "ಬಸಪ್ಪಣ್ಣಂಗೆ ವಯಸ್ಸಾಯ್ತು, ಕೈ ಓಯ್ತು." ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾರನೇ ದಿನದಿಂದ ಎಷ್ಟೋ ಫ್ಯಾನಿನ ಗಾಡಿಗಳು ಈ ಅಂಗಡಿ ಮುಂದೆ ನಿಲ್ಲದೆ ನೇರ ಹನೂರಿಗೆ ಹೋಗತೊಡಗಿದವು. ಪುಟ್ಟಬಸಪ್ಪ ಆಣೆಯ ಮಾತು ಆಡಿದ್ದು ಆ ಉರಿಯಲ್ಲಿ.

"ಮನೇಗ್ ಬಂದು ಉಣ್ಲಿಲ್ಲ ಸಾ. ಕೈ ನೋಡ್ಕಂಡು ಕುಂತಿದ್ರು." ಎನ್ನುತ್ತಾರೆ ರಾಚಮ್ಮ.

ಈಗ ಕೇಳಿ. ಕೆಟ್ಟ ರಿಲೇಗಳನ್ನೆಲ್ಲ ಪುಟ್ಟಬಸಪ್ಪ ಒಂದು ಹಳೇ ಡಬ್ಬಿಗೆ ಎಸೆಯುತ್ತಾರೆ. ಅಂಗಡಿ ಗುಡಿಸುವವರು ರಾಚಮ್ಮ. ಒಂದು ಬೆಳಗ್ಗೆ ಆ ಡಬ್ಬಿಗೆ ಇರುವೆ ಸಾಲು ಹತ್ತಿದ್ದನ್ನು ಕಂಡರು. ಇಪ್ಪತ್ತು ರಿಲೇ ಇದ್ದ ಡಬ್ಬಿಯಲ್ಲಿ ಇರುವೆ ಮುತ್ತಿದ್ದು ಮೂರಕ್ಕೆ ಮಾತ್ರ, ಮೂರೂ ನಿಂಗರಾಜು ಗಾಡಿಯಿಂದ ತೆಗೆದು ಹಾಕಿದವು.

"ಬೆಲ್ಲ ಇದ್ದ ಕಡೆ ತಾನೇ ಇರುವೆ? ಕಬ್ಬುಣಕ್ಯಾಕೆ ಮುತ್ತವೆ? ಮೂಸಿ ನೋಡ್ದೆ. ಹುಳಿ ನಾತ. ಇಪ್ಪತ್ತೈದು ವರ್ಷದಿಂದ ಕಾಯಿ ಮಾರ್ತಿವ್ನಿ, ಕಾಯ್ ನೀರು ಒಣಗಿದ ನಾತ ನಂಗೆ ಗೊತ್ತಾಗಕಿಲ್ವಾ?"

ಆಗ ಹೊಳೆಯಿತು. ನಿಂಗರಾಜು ಪ್ರತಿ ಅಮಾವಾಸ್ಯೆ ಬೆಟ್ಟಕ್ಕೆ ಹೋಗುವ ಮೊದಲು ಇಲ್ಲೇ ಗಾಡಿಗೆ ಪೂಜೆ ಮಾಡಿಸುತ್ತಾರೆ. ಕಾಯಿ ಒಡೆದು ಎರಡೂ ಹೋಳಿನ ನೀರನ್ನು ಹೆಡ್‌ಲೈಟಿನಿಂದ ಟ್ಯಾಂಕಿನವರೆಗೆ ಅಭಿಷೇಕದಂತೆ ಸುರಿಯುತ್ತಾರೆ. ರಿಲೇ ಕೂತಿರುವುದು ಅದರ ಕೆಳಗೇ. ಮಳೆ ನೀರಾದರೆ ಒಣಗಿ ಹೋಗುತ್ತದೆ, ಕಾಯಿ ನೀರು ಒಣಗಿದರೆ ಅಂಟಾಗಿ ಕೂರುತ್ತದೆ. ಎಂಟು ದಿನದೊಳಗೆ ರಿಲೇ ಹಿಡಿದುಕೊಳ್ಳುತ್ತಿತ್ತು. ಗಂಡನ ಹೆಸರು ಕೆಡಿಸಿದ್ದು ಹೆಂಡತಿ ಮಾರಿದ ಕಾಯಿ.

ರಾಚಮ್ಮ ಈ ಮಾತನ್ನು ತಕ್ಷಣ ಹೇಳಲಿಲ್ಲ. "ಎಲ್ಡು ದಿನ ಹೊಟ್ಟೇಲೇ ಇಟ್ಕಂಡಿದ್ದೆ ಸಾ, ಸುಳ್ಳು ಯಾಕೆ ಯೋಳ್ಲಿ. ಕಾಯ್ ನೀರಿಂದ ಗಾಡಿ ಕೆಡ್ತದೆ ಅಂತ ಊರ್ಗೆಲ್ಲ ಗೊತ್ತಾದ್ರೆ ನನ್ ಕಾಯಿ ಯಾರ್ ತಕತಾರೆ? ಅಮಾಸೆಗೆ ನೂರೈವತ್ತು ಕಾಯಿ ಓಗ್ತವೆ ನಂಗೆ." ಆಮೇಲೆ? "ಆಮ್ಯಾಕೆ ಇವ್ರು ಮೂರ್ನೇ ದಿನ್ವೂ ಸರ್ಯಾಗಿ ಉಣ್ಲಿಲ್ಲ. ಕಾಯ್ ಯಾಪಾರ ಓಯ್ತಂದ್ರೆ ನಿಂಬೆಹಣ್ಣು ಮಾರ್ತೀನಿ, ಗಂಡನ ಹೆಸ್ರು ಓಯ್ತಂದ್ರೆ ಎಲ್ಲಿಂದ ತರ್ಲಿ ಅಂತ ಯೋಳ್ಬುಟ್ಟೆ."

ಪುಟ್ಟಬಸಪ್ಪ ಮೊದಲು ನಂಬಲಿಲ್ಲ. ರಿಲೇ ಬಿಚ್ಚಿ ಬಲಗಣ್ಣಿನ ಹತ್ತಿರ ಹಿಡಿದು ನೋಡಿದರು. ಒಳಗೆ ಕಂದು ಬಣ್ಣದ ಅಂಟು, ಅದರಲ್ಲಿ ಸಿಕ್ಕಿಕೊಂಡ ನಾಲ್ಕು ಇರುವೆ. ಬಹಳ ಹೊತ್ತು ನಗಾಡಿದರಂತೆ. ಆಮೇಲೆ ನಿಂಗರಾಜುವನ್ನು ಕರೆಸಿ, ರಿಲೇ ಕೂರುವ ಜಾಗವನ್ನೆಲ್ಲ ತೊಳೆದು ಒರೆಸಿ, ಇನ್ನೊಂದು ಹೊಸ ರಿಲೇ ಹಾಕಿದರು.

ಅಸಲಿ ಕಷ್ಟ ಬಂದದ್ದು ಹೋದ ಅಮಾವಾಸ್ಯೆ ದಿನ. ಗಾಡಿಗೆ ನೀರು ಸುರಿಯಬಾರದು ಎಂದು ರಾಚಮ್ಮ ಅಡ್ಡ ನಿಂತರು. ನಿಂಗರಾಜು ಒಪ್ಪಲಿಲ್ಲ. "ನೀರ್ ಬೀಳ್ದೆ ಇದ್ರೆ ಪೂಜೆ ಆದಂಗಾ ಅಕ್ಕ? ನಮ್ಮವ್ವ ಮನೇಗ್ ಸೇರ್ಸಕಿಲ್ಲ." ಕೆಂಚಯ್ಯ ಹೋಟೆಲಿನಿಂದಲೇ ದನಿಗೂಡಿಸಿದರು: "ಹಿಂದ್ಲಿಂದ ಬಂದದ್ದ ಬುಡಕ್ಕಾಯ್ತದಾ? ಮಾದಪ್ಪ ಮುನಿಸ್ಕಂಡ್ರೆ ನೀನ್ ನೋಡ್ಕತೀಯಾ ರಾಚಮ್ಮ?"

ರಾಚಮ್ಮ ಕಾಯಿ ಕೈಯಲ್ಲಿ ಹಿಡಿದು ಕೇಳಿದ್ದು ಒಂದೇ: "ಮಾದಪ್ಪನ ಗಾಡಿ ಯಾವ್ದು, ಯೋಳಿ."

"ಹುಲಿ" ಎಂದರು ಕೆಂಚಯ್ಯ.

"ಆ ಹುಲಿ ಕಿವಿಗೆ ಯಾರಾದ್ರೂ ಕಾಯ್ ನೀರು ಉಯ್ದಿದ್ದ ಕಂಡಿದ್ದೀರಾ?"

ಹೋಟೆಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ರಾಚಮ್ಮ ಮಾತ್ರ ನಗಲಿಲ್ಲ. ಮುಂದಿನ ಚಕ್ರದ ಎದುರು ಕಲ್ಲಿಗೆ ಕಾಯಿ ಕುಟ್ಟಿ ಒಡೆದು, ನೀರನ್ನು ಸ್ಟೀಲ್ ಚೊಂಬಿಗೆ ಹಿಡಿದು, ನಿಂಗರಾಜು ಕೈಗೆ ಕೊಟ್ಟರು. "ಗಾಡಿಗೆ ಬಾಯಿಲ್ಲ, ನಿಂಗದೆ. ಮಾದಪ್ಪನ ನೆನಸ್ಕಂಡು ಕುಡಿ." ನಿಂಗರಾಜು ಕುಡಿದರು. ಹಿಂದೆ ನಿಂತ ನಾಲ್ಕೈದು ಗಾಡಿಯವರೂ ಚೊಂಬಿಗೆ ಕೈಚಾಚಿದರು. "ಇವ್ಳ ಬಾಯ್ಗೆ ಬಿದ್ರೆ ಮಾದಪ್ಪನೂ ಹೂಂ ಅನ್ಬೇಕು" ಎಂದು ಕೆಂಚಯ್ಯ ಗೊಣಗಿಕೊಂಡು ಒಳಗೆ ಹೋದರು.

ಎಲ್ಲರೂ ಒಪ್ಪಿದರು ಎಂದಲ್ಲ. ಕೆಲವರು ಮುಖ ತಿರುಗಿಸಿಕೊಂಡು ಮುಂದಿನ ಅಂಗಡಿಗೆ ಹೋದರು, ಆ ದಿನ ಮೂವತ್ತು ಕಾಯಿ ಮಿಕ್ಕಿದವು. "ಎಂಟ್ ದಿನದಿಂದ ನಮ್ಮನೇಲಿ ಬರೀ ಕಾಯ್ ಚಟ್ನಿ ಸಾ" ಎಂದು ಪುಟ್ಟಬಸಪ್ಪ ದೂರು ಹೇಳುತ್ತಾರೆ. ಮಿಕ್ಕ ಕಾಯಿಗಳನ್ನು ರಾಚಮ್ಮ ನಷ್ಟ ಎನ್ನುವುದಿಲ್ಲ, ಇವತ್ತಿನ ಫ್ಯಾನು ನಿಲ್ಲಲಿ, ಆಮೇಲೆ ಮಾತಾಡಿ ಎನ್ನುತ್ತಾರೆ.

ಇವತ್ತು ಅಮಾವಾಸ್ಯೆ ಕಳೆದ ಎಂಟನೇ ದಿನ. ಅದಕ್ಕೇ ನಿಂಗರಾಜು ಹುಳುವಿನ ತಟ್ಟೆಗಳನ್ನು ಗಾಡಿ ಹಿಂದೆ ಕಟ್ಟಿಕೊಂಡೇ ಇಲ್ಲಿ ನಿಂತಿದ್ದಾರೆ. ಹಿಂದಿನ ಮೂರು ಸಲವೂ ಈ ದಿನ ದಾಟುವಷ್ಟರಲ್ಲಿ ಫ್ಯಾನು ಕೈಕೊಟ್ಟಿತ್ತು.

ಟೀ ಈಗ ಅರ್ಧಕ್ಕಿಳಿದಿದೆ. ಫ್ಯಾನು ತಿರುಗುತ್ತಿದೆ. ಕಾಲು ಲೋಟವಾಗುತ್ತದೆ. ತಿರುಗುತ್ತಲೇ ಇದೆ. ಪುಟ್ಟಬಸಪ್ಪನವರ ಗುಟುಕು ಬರಬರುತ್ತಾ ಚಿಕ್ಕದಾಗುತ್ತಿರುವುದನ್ನು ಕೆಂಚಯ್ಯ ಕಂಡುಹಿಡಿಯುತ್ತಾರೆ. "ಲೇ ಬಸಪ್ಪ, ತುಟಿಗೆ ಸೋಕಿಸ್ಕತಾ ಇದ್ರೆ ಮದ್ಯಾನಕ್ಕೂ ಮುಗಿಯಕಿಲ್ಲ. ಮೋಸ ಮಾಡ್ಬ್ಯಾಡ ಕಣ್ಲಾ, ಕುಡಿ!"

"ಬಿಸಿ ಅದೆ ಕಣಣ್ಣ" ಎನ್ನುತ್ತಾರೆ ಪುಟ್ಟಬಸಪ್ಪ. ಟೀ ಆರಿ ಎಷ್ಟೋ ಹೊತ್ತಾಗಿದೆ.

ರಾಚಮ್ಮ ಕಾಯಿ ಜೋಡಿಸುವುದನ್ನು ಬಿಟ್ಟು ಎದ್ದು ನಿಲ್ಲುತ್ತಾರೆ. "ಕುಡೀರಿ. ನಿಲ್ತದೆ."

ಪುಟ್ಟಬಸಪ್ಪ ಹೆಂಡತಿಯ ಮುಖ ನೋಡಿ ಒಂದು ದೊಡ್ಡ ಗುಟುಕು ಎಳೆಯುತ್ತಾರೆ. ತಳದಲ್ಲಿ ಉಳಿದದ್ದು ಇನ್ನೊಂದೇ ಗುಟುಕು. ಅದನ್ನೂ ಕುಡಿಯಲೆಂದು ಲೋಟ ಎತ್ತುವಾಗ ಬೈಕಿನೊಳಗೆ ಟಿಕ್ ಎಂದು ಸಣ್ಣ ಸದ್ದಾಗುತ್ತದೆ. ಫ್ಯಾನಿನ ದನಿ ತಗ್ಗುತ್ತದೆ, ಎಸಳುಗಳು ಒಂದೊಂದಾಗಿ ಕಾಣತೊಡಗುತ್ತವೆ, ನಿಲ್ಲುತ್ತವೆ. ನನಗೆ ಚಪ್ಪಾಳೆ ತಟ್ಟಬೇಕೆನಿಸುತ್ತದೆ.

ನಿಂಗರಾಜು ಮೊದಲು ಬಾಯಿ ಬಿಡುತ್ತಾರೆ. "ಬಸಪ್ಪಣ್ಣ, ಕೈ ಓಯ್ತು ಅಂದಿದ್ನಲ್ಲ, ಅದ ಮನ್ಸಲ್ಲಿ ಇಟ್ಕಬ್ಯಾಡ." ಪುಟ್ಟಬಸಪ್ಪ ಜೇಬಿನಿಂದ ಕೀ ತೆಗೆದು ಕೊಡುತ್ತಾರೆ: "ಓಗ್ಲಾ, ಉಳ ಕಾಯ್ತವೆ." ಗುಂಡಿ ಒಂದೇ ಸಲ ಒತ್ತಿದ್ದಕ್ಕೆ ಬೈಕು ಸ್ಟಾರ್ಟ್ ಆಗುತ್ತದೆ. ಕೆಂಚಯ್ಯ ಹೋಟೆಲಿನ ಬಾಗಿಲಲ್ಲಿ ನಿಂತು, ಇವತ್ತಿನ ಟೀ ನನ್ನ ಕಡೆಯಿಂದ ಎಂದು ಊರಿಗೆಲ್ಲ ಕೇಳುವಂತೆ ಸಾರುತ್ತಾರೆ. ರಾಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬೆವರು ಎಂದು ನನಗೆ ಹೇಳುತ್ತಾರೆ. ಬೆಳಗಿನ ಆರು ಗಂಟೆಯ ಚಳಿಗೆ ಬೆವರಂತೆ!

ಹೊರಡುವ ಮುಂಚೆ ಬಾಗಿಲ ಮೇಲಿನ ಆ ಎರಡು ಮೊಳೆಗಳ ಬಗ್ಗೆ ಕೇಳುತ್ತೇನೆ. ಫ್ಯಾನಿನ ಕೆಲಸ ಬಿಡಬೇಕಾದೀತೆಂದು ಹೆದರಿ ಬೋರ್ಡು ಇಳಿಸಿದ್ದಾರೆ ಎಂದು ಕೆಂಚಯ್ಯ ನನ್ನ ಕಿವಿಯಲ್ಲಿ ಊದಿದ್ದರು. ಪುಟ್ಟಬಸಪ್ಪ ತಲೆ ಕೆರೆದುಕೊಳ್ಳುತ್ತಾರೆ. "ಹೆದ್ರಿ ಇಳ್ಸಿದ್ದಲ್ಲ ಸಾ, ಹೊಸ್ದಾಗಿ ಬರ್ಸಕ್ಕೆ ಹನೂರಿಗೆ ಕೊಟ್ಟಿವ್ನಿ. ನಾಳೆ ಬತ್ತದೆ. 'ಪುಟ್ಟಬಸಪ್ಪ ರಾಚಮ್ಮ ಎಲೆಕ್ಟ್ರಿಕಲ್ಸ್' ಅಂತ. ಅದ್ರ ಕೆಳ್ಗೆ ದಪ್ಪ ಅಕ್ಷರದಲ್ಲಿ 'ಫ್ಯಾನ್ ರಿಪೇರಿ'."

"ಅಯ್ಯೋ, ನನ್ ಹೆಸ್ರು ಯಾಕೆ ಅಲ್ಲಿ, ಜನ ನಗಾಕಿಲ್ವಾ?" ಎಂದು ರಾಚಮ್ಮ ಗದರುತ್ತಾರೆ. ಈ ಸುದ್ದಿ ಅವರಿಗೂ ಹೊಸದು.

ಯಾವಾಗ ಕೊಟ್ಟಿರಿ ಎಂದು ಕೇಳುತ್ತೇನೆ. ಅಮಾವಾಸ್ಯೆಯ ಮಾರನೇ ದಿನವೇ ಕೊಟ್ಟದ್ದಂತೆ. ಅಂದರೆ ಇವತ್ತಿನ ಟೀಗೆ ಏಳು ದಿನ ಮೊದಲು. ಅಲ್ಲಾ ಮಾರಾಯರೇ, ಫ್ಯಾನು ನಿಲ್ಲದೇ ಹೋಗಿದ್ದರೆ?

ಪುಟ್ಟಬಸಪ್ಪ ಲೋಟದ ತಳದಲ್ಲಿ ಉಳಿದಿದ್ದ ಆ ಒಂದು ಗುಟುಕನ್ನು ಈಗ ಕುಡಿಯುತ್ತಾರೆ.

"ರಾಚಿ ಅಮಾಸೆ ದಿನ್ವೇ ಯೋಳಿದ್ಲಲ್ಲ ಸಾ, ನಿಲ್ತದೆ ಅಂತ."